40 ಟನ್ ಸಿಟಿ ಕಾಂಪೋಸ್ಟ್ ಖರೀದಿ: ಈ ಲ್ಯಾಬ್ ರಿಪೋರ್ಟ್ ನಂಬಿ ಮುಂಗಡ ಕೊಡಬಹುದೇ?

ತೋಟದಸಾಲು

ಎಲ್ಲರಿಗೂ ನಮಸ್ಕಾರ. ನಮ್ಮ ರೈತ ಉತ್ಪಾದಕರ ಕಂಪನಿಯಿಂದ ಅಡಿಕೆ, ಬಾಳೆ ತೋಟಗಳಿಗೆ 40 ಟನ್ ಸಿಟಿ ಕಾಂಪೋಸ್ಟ್ (ನಗರದ ಹಸಿ ಕಸದಿಂದ ಮಾಡಿದ ಗೊಬ್ಬರ) ತರಿಸುವ ಮಾತು ನಡೆದಿದೆ. ಸಾಗಣೆ ಸೇರಿ ಟನ್ನಿಗೆ 6,000 ರೂಪಾಯಿ. ಮಾರುವವರು ಕಳಿಸಿದ ರಿಪೋರ್ಟ್‌ನಲ್ಲಿ ಇರುವುದಿಷ್ಟು:

ತೇವಾಂಶ 22%, ಪಿಎಚ್ 7.4, ಇ.ಸಿ. (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ) 3.1, ಒಟ್ಟು ಸಾವಯವ ಇಂಗಾಲ 19.2%, ಸಾರಜನಕ 0.71%, ರಂಜಕ 0.62%, ಪೊಟ್ಯಾಶ್ 0.90%, ಸಿ:ಎನ್ (ಇಂಗಾಲ-ಸಾರಜನಕ ಅನುಪಾತ) 16.8. ಕ್ಯಾಡ್ಮಿಯಂ, ಸೀಸ, ನಿಕಲ್, ಕ್ರೋಮಿಯಂ ಎಲ್ಲಕ್ಕೂ ‘ಬಿಡಿಎಲ್’ (ಪತ್ತೆ ಮಿತಿಗಿಂತ ಕಡಿಮೆ). ಪಾದರಸ ‘<0.5’. ರೋಗಾಣು ‘ಇಲ್ಲ’. ಕೊನೆಗೆ ‘ಎಫ್‌ಸಿಒ ಮಾನದಂಡಕ್ಕೆ ಅನುಗುಣವಾಗಿದೆ’ ಅನ್ನುವ ಸಾಲು (ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ಹೊಂದುತ್ತದೆ ಅಂತ), ಸೀಲು, ಸಹಿ. ತಾರೀಖು ಏಳು ತಿಂಗಳ ಹಿಂದಿನದು.

ಬ್ರೋಷರ್ ಮೇಲೆ ಐಎಸ್‌ಒ 9001 ಮತ್ತು ‘ಶೇ. 100 ಸಾವಯವ’ ಅಂತಲೂ ಇದೆ. ತಿಳಿದವರು ಹೇಳಿ, ಇಷ್ಟು ನೋಡಿದರೆ ಸಾಕೇ?

ಲ್ಯಾಬ್‌ಬೆಂಚ್

ಸಾಲದು ಸರ್. ಮೊದಲು ರಿಪೋರ್ಟ್‌ನ ಒಳಗಿನ ಲೆಕ್ಕವೇ ಕೂಡುವುದಿಲ್ಲ. 19.2ನ್ನು 0.71ರಿಂದ ಭಾಗಿಸಿದರೆ 27 ಬರುತ್ತದೆ, 16.8 ಅಲ್ಲ. 16.8 ಬರಬೇಕಾದರೆ ಸಾರಜನಕ 1.14% ಇರಬೇಕಿತ್ತು.

ಇಂಥದ್ದು ಮೋಸದಿಂದಲೇ ಆಗಬೇಕೆಂದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಂಗಾಲದ ಪರೀಕ್ಷೆಗೆ ಮಾದರಿಯನ್ನು 105 ಡಿಗ್ರಿಯಲ್ಲಿ ಒಣಗಿಸಿ, ಆಮೇಲೆ ಮಫಲ್ ಕುಲುಮೆಯಲ್ಲಿ 650-700 ಡಿಗ್ರಿಗೆ ಆರೆಂಟು ಗಂಟೆ ಸುಡುತ್ತಾರೆ. ಸುಟ್ಟು ಹೋದ ತೂಕ ಸಾವಯವ ಪದಾರ್ಥ. ಅದನ್ನು 1.724ರಿಂದ ಭಾಗಿಸಿದರೆ ಇಂಗಾಲ. ಅಂದರೆ ಇದು ಒಣ ತೂಕದ ಲೆಕ್ಕ. ಸಾರಜನಕವನ್ನು ಕೆಲವು ಲ್ಯಾಬ್‌ಗಳಲ್ಲಿ ತೇವ ಇದ್ದ ಹಾಗೇ ತೂಗಿ ಕೆಲ್ಡಾಲ್ (ಸಾರಜನಕ ಅಳೆಯುವ ಪರೀಕ್ಷೆ) ಮಾಡುತ್ತಾರೆ. ಹಾಗೆ ಮಾಡಿದ್ದರೆ 0.71ನ್ನು ಒಣ ತೂಕಕ್ಕೆ ತಿರುಗಿಸಬೇಕು: 0.71 ÷ 0.78 = 0.91. ಆಗಲೂ ಸಿ:ಎನ್ 21. ಮಿತಿ ಇರುವುದು 20. ಯಾವ ದಾರಿಯಿಂದ ಹೋದರೂ 16.8 ಸಿಗುವುದಿಲ್ಲ. ಹಾಗಾಗಿ ಲ್ಯಾಬಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಪ್ರತಿ ಅಂಕಿ ಒಣ ತೂಕದ್ದೋ, ಬಂದ ಸ್ಥಿತಿಯದ್ದೋ?

1985ರ ರಸಗೊಬ್ಬರ ನಿಯಂತ್ರಣ ಆದೇಶ, ಅಂದರೆ ಎಫ್‌ಸಿಒದ ನಾಲ್ಕನೇ ಅನುಸೂಚಿಯಲ್ಲಿ ಸಿಟಿ ಕಾಂಪೋಸ್ಟಿಗೆ ಕೇಳುವುದು ಹೀಗೆ: ತೇವಾಂಶ 15ರಿಂದ 25%, ಶೇ. 90 ಭಾಗ 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು, ಸಾಂದ್ರತೆ 1ಕ್ಕಿಂತ ಕಡಿಮೆ, ಇಂಗಾಲ ಕನಿಷ್ಠ 12%, ಸಾರಜನಕ 0.8%, ರಂಜಕ 0.4%, ಪೊಟ್ಯಾಶ್ 0.4%, ಸಿ:ಎನ್ 20ರ ಒಳಗೆ, ಪಿಎಚ್ 6.5-7.5, ಇ.ಸಿ. 4ರ ಒಳಗೆ. ಭಾರಲೋಹಗಳಿಗೆ ಕಿಲೋಗೆ ಮಿಲಿಗ್ರಾಂ ಲೆಕ್ಕದಲ್ಲಿ ಗರಿಷ್ಠ ಮಿತಿ: ಆರ್ಸೆನಿಕ್ 10, ಕ್ಯಾಡ್ಮಿಯಂ 5, ಕ್ರೋಮಿಯಂ 50, ತಾಮ್ರ 300, ಪಾದರಸ 0.15, ನಿಕಲ್ 50, ಸೀಸ 100, ಸತು 1000.

ಪಾದರಸದ ಸಾಲನ್ನು ಇನ್ನೊಮ್ಮೆ ನೋಡಿ. ಮಿತಿ 0.15. ನಿಮ್ಮ ರಿಪೋರ್ಟ್ ಹೇಳುವುದು ‘0.5ಕ್ಕಿಂತ ಕಡಿಮೆ’. ಅಂದರೆ ಆ ಉಪಕರಣಕ್ಕೆ 0.5ರ ಕೆಳಗೆ ಕಾಣುವುದೇ ಇಲ್ಲ. 0.4 ಇದ್ದರೂ ಇದೇ ಸಾಲು ಅಚ್ಚಾಗುತ್ತಿತ್ತು, ಅದು ಮಿತಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಪಾದರಸವನ್ನು ಬಹಳ ಸಣ್ಣ ಪ್ರಮಾಣವನ್ನೂ ಹಿಡಿಯುವ ಕೋಲ್ಡ್ ವೇಪರ್ ವಿಧಾನದಲ್ಲೋ ಐಸಿಪಿ-ಎಂಎಸ್‌ನಲ್ಲೋ ಮಾಡಿಸಬೇಕು. ಉಳಿದ ಲೋಹಗಳಿಗೆ ಬರೀ ‘ಬಿಡಿಎಲ್’ ಬರೆದು ಪತ್ತೆ ಮಿತಿ ಎಷ್ಟೆಂದು ಬರೆಯದಿದ್ದರೆ ಆ ಕಾಲಂ ಖಾಲಿ ಇದ್ದಂತೆಯೇ. ಇನ್ನೊಂದು: ಕಸದಿಂದ ಮಾಡಿದ ಕಾಂಪೋಸ್ಟಿನಲ್ಲಿ ಕ್ರೋಮಿಯಂ, ನಿಕಲ್, ಸೀಸ ಮೂರೂ ಪತ್ತೆಯೇ ಆಗದಿರುವುದು ಬಹಳ ಅಪರೂಪ. ಸಾಮಾನ್ಯ ಮಣ್ಣಿನಲ್ಲೇ ಇವು ಕಿಲೋಗೆ ಹತ್ತಾರು ಮಿಲಿಗ್ರಾಂ ಇರುತ್ತವೆ.

ಕಾವುರಾಶಿ

ಲ್ಯಾಬ್‌ಬೆಂಚ್ ಅವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಸಾರಜನಕ 0.71 ಬಂದ ಮಾತ್ರಕ್ಕೆ ಮಾಲು ಫೇಲ್ ಅಲ್ಲ. ಅದೇ ಅನುಸೂಚಿಯಲ್ಲಿ ಸಹಿಷ್ಣುತಾ ಮಿತಿ ಅಂತ ಇದೆ: ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸೇರಿ ಸಿಟಿ ಕಾಂಪೋಸ್ಟಿನಲ್ಲಿ 1.5%ಕ್ಕೆ, ಎರೆಗೊಬ್ಬರದಲ್ಲಿ 2.5%ಕ್ಕೆ ಇಳಿಯಬಾರದು. ಇಲ್ಲಿ ಕೂಡಿಸಿದರೆ 2.23. ತಕರಾರು ಮಾಡುವುದಿದ್ದರೆ ಸಿ:ಎನ್ ಮೇಲೆ, ಪಾದರಸದ ಮೇಲೆ ಮಾಡಿ.

ಏಳು ತಿಂಗಳ ಹಳೆಯ ರಿಪೋರ್ಟ್ ಮಾತ್ರ ಒಪ್ಪಬೇಡಿ. ಕಸದ ಕಾಂಪೋಸ್ಟಿನ ಒಳಸುರಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮಾವಿನ ಕಾಲದಲ್ಲಿ ಓಟೆ, ಸಿಪ್ಪೆ. ದಸರಾ, ದೀಪಾವಳಿ ಕಳೆದ ಮೇಲೆ ಬಾಳೆಕಂದು, ಹೂವು, ಬೂದುಗುಂಬಳ. ಮಳೆಗಾಲದಲ್ಲಿ ಎಲ್ಲವೂ ನೀರುನೀರು. ಆಗ ಆದ ಲಾಟ್‌ಗೂ ಈಗ ನಿಮಗೆ ಕಳಿಸುವ ಲಾಟ್‌ಗೂ ಸಂಬಂಧವೇ ಇರುವುದಿಲ್ಲ. ಕೇಳಬೇಕಾದದ್ದು ನಿಮಗೆ ಬರುವ ಲಾಟ್ ನಂಬರಿನ ರಿಪೋರ್ಟ್.

ತೋಟದಸಾಲು

ರಿಪೋರ್ಟ್‌ನ ಕೆಳಗೆ ಸಣ್ಣಕ್ಷರದಲ್ಲಿ ‘ಗ್ರಾಹಕರು ತಂದುಕೊಟ್ಟ ಮಾದರಿಗೆ ಮಾತ್ರ ಫಲಿತಾಂಶ ಅನ್ವಯ’ ಅಂತ ಇದೆ. ಇದು ಎಲ್ಲ ರಿಪೋರ್ಟ್‌ನಲ್ಲೂ ಇರುವುದೇ ಅಲ್ಲವೇ?

ಲ್ಯಾಬ್‌ಬೆಂಚ್

ಇರುತ್ತದೆ, ಲ್ಯಾಬ್ ಅದನ್ನು ಬರೆಯಲೇಬೇಕು. ಆದರೆ ಅದರ ಅರ್ಥ ನಿಮಗೆ ಮುಖ್ಯ. ಎರಡು ಕಿಲೋ ಚೆನ್ನಾಗಿ ಕಳಿತ ಗೊಬ್ಬರವನ್ನು ಆರಿಸಿ ತಂದರೂ ಲ್ಯಾಬ್ ಪರೀಕ್ಷಿಸುವುದು ಆ ಎರಡು ಕಿಲೋವನ್ನೇ. ರಾಶಿಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಗುರುತು ಇದ್ದರೂ ಅಲ್ಲಿಗೆ ನಿಲ್ಲಬೇಡಿ. ಮಾನ್ಯತೆ ಕೊಡುವುದು ಲ್ಯಾಬಿಗೆ ಇಡಿಯಾಗಿ ಅಲ್ಲ. ಯಾವ ವಸ್ತುವಿನಲ್ಲಿ ಯಾವ ಪರೀಕ್ಷೆ, ಯಾವ ವಿಧಾನ ಅನ್ನುವ ಪಟ್ಟಿಗೆ. ಕುಡಿಯುವ ನೀರಿನ ಪಾದರಸಕ್ಕೆ ಮಾನ್ಯತೆ ಇರುವ ಲ್ಯಾಬಿಗೆ ಕಾಂಪೋಸ್ಟಿನ ಪಾದರಸಕ್ಕೆ ಇರಲೇಬೇಕೆಂದಿಲ್ಲ. ಆ ಪಟ್ಟಿ ಎನ್‌ಎಬಿಎಲ್ ಜಾಲತಾಣದಲ್ಲಿ ಸಿಗುತ್ತದೆ. ರಿಪೋರ್ಟ್‌ನಲ್ಲಿ ಪ್ರತಿ ಪರೀಕ್ಷೆಯ ಪಕ್ಕ ವಿಧಾನದ ಹೆಸರು ಇದೆಯೇ ನೋಡಿ.

ಮಲ್ನಾಡ್‌ಮಣ್ಣು

ಮಾದರಿ ತೆಗೆಯುವುದೇ ಇಡೀ ಕೆಲಸದ ಬುಡ. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಹೆಚ್ಚಿನವರು ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ಕಳಿಸುತ್ತಾರೆ.

ಲೋಡರ್ ಸುರಿದ ರಾಶಿಯಲ್ಲಿ ದಪ್ಪ ಚೂರುಗಳು ಉರುಳಿ ಬುಡಕ್ಕೆ ಬರುತ್ತವೆ, ನುಣ್ಣನೆಯದು ನಡುವೆ ನಿಲ್ಲುತ್ತದೆ. ಮೇಲ್ಮೈ ಒಣಗಿರುತ್ತದೆ, ಒಳಗೆ ಇನ್ನೂ ಕಾವು ಇರಬಹುದು. ಬುಡದಿಂದ ಮಾತ್ರ ತೆಗೆದರೆ ಜರಡಿ ಪರೀಕ್ಷೆ ಫೇಲಾಗುತ್ತದೆ, ಮೇಲಿಂದ ಮಾತ್ರ ತೆಗೆದರೆ ತೇವಾಂಶ ಕಡಿಮೆ ಬರುತ್ತದೆ.

ಹತ್ತು ಟನ್ನಿನ ರಾಶಿಗೆ ಕನಿಷ್ಠ 15 ಜಾಗ: ಬುಡ, ನಡು, ಮೇಲು ಮೂರು ಎತ್ತರದಲ್ಲಿ, ಸುತ್ತ ಐದೈದು ಕಡೆ. ಪ್ರತಿ ಜಾಗದಲ್ಲಿ ಮೇಲಿನ ಒಂದಡಿ ಕೆರೆದು ಹಾಕಿ, ಒಳಗಿನಿಂದ ಒಂದು ಕಿಲೋ. ಎಲ್ಲವನ್ನೂ ತೊಳೆದು ಒಣಗಿಸಿದ ಟಾರ್ಪಾಲಿನ ಮೇಲೆ ಸುರಿದು ಮೂಲೆ ಹಿಡಿದು ಉರುಳಿಸಿ ಬೆರೆಸಿ. ದುಂಡಗೆ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಿ, ಉಳಿದದ್ದನ್ನು ಮತ್ತೆ ಬೆರೆಸಿ. ಸುಮಾರು ನಾಲ್ಕು ಕಿಲೋ ಉಳಿಯುವವರೆಗೆ ಹೀಗೇ. ಅದನ್ನು ಮೂರು ಪಾಲು ಮಾಡಿ ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಇನ್ನೊಂದು ಚೀಲದಲ್ಲಿಡಿ. ಒಂದು ಲ್ಯಾಬಿಗೆ, ಒಂದು ಮಾರುವವರಿಗೆ, ಒಂದು ಸೀಲು ಮಾಡಿ ನಿಮ್ಮ ಬಳಿ. ಮೂರರ ಮೇಲೂ ಲಾಟ್ ನಂಬರ್, ತಾರೀಖು, ಇಬ್ಬರ ಸಹಿ.

ಚೀಲದಲ್ಲಿ ಬಂದ ಮಾಲಾದರೆ ಲೋಡಿನ ಬೇರೆ ಬೇರೆ ಕಡೆಯಿಂದ 15-20 ಚೀಲ ಇಳಿಸಿ, ಪ್ರತಿಯೊಂದನ್ನೂ ಅಡ್ಡ ಮಲಗಿಸಿ ನಡುವಿನಿಂದ ತೆಗೆಯಿರಿ. ರೋಗಾಣು ಪರೀಕ್ಷೆಗೆ ಬೇರೆಯೇ ಮಾದರಿ: ಸ್ಪಿರಿಟ್ ಹಚ್ಚಿ ಒರೆಸಿದ ಸೌಟು, ಹೊಸ ಕೈಗವಸು, ಐಸ್ ಇಟ್ಟ ಪೆಟ್ಟಿಗೆ, 24 ಗಂಟೆಯೊಳಗೆ ಲ್ಯಾಬ್. ಬಿಸಿಲಲ್ಲಿ ಕಾರಿನೊಳಗೆ ಎರಡು ದಿನ ಬಿದ್ದಿದ್ದ ಮಾದರಿಯ ಫಲಿತಾಂಶ ಆ ಕಡೆಗೂ ಸಲ್ಲದು, ಈ ಕಡೆಗೂ ಸಲ್ಲದು.

ನರ್ಸರಿಮಿಶ್ರಣ

ಇಲ್ಲಿವರೆಗೆ ಯಾರೂ ಹೇಳದ ಮುಖ್ಯ ವಿಷಯ: ಎಫ್‌ಸಿಒ ಪಟ್ಟಿಯಲ್ಲಿ ಗೊಬ್ಬರ ಪೂರ್ತಿ ಕಳಿತಿದೆಯೇ ಅಂತ ನೇರವಾಗಿ ಕೇಳುವ ಪರೀಕ್ಷೆ ಇಲ್ಲ. ಸಿ:ಎನ್, ಬಣ್ಣ, ವಾಸನೆ ಇವೇ ಆಧಾರ. ಈ ಮೂರನ್ನೂ ಅರೆಬೆಂದ ಮಾಲು ದಾಟಬಲ್ಲದು. ಕೋಳಿ ಗೊಬ್ಬರ ಹೆಚ್ಚಿದ್ದರೆ ಹಸಿಯಾಗಿರುವಾಗಲೇ ಸಿ:ಎನ್ 20ಕ್ಕಿಂತ ಕೆಳಗಿರುತ್ತೆ. ಯೂರಿಯಾ ಬೆರೆಸಿದರೂ ಇಳಿಯುತ್ತೆ, ಕೆಲ್ಡಾಲ್‌ಗೆ ಅದು ಯೂರಿಯಾದ ಸಾರಜನಕವೋ ಗೊಬ್ಬರದ್ದೋ ಗೊತ್ತಾಗಲ್ಲ. ಬಣ್ಣವಂತೂ ಇದ್ದಿಲ ಪುಡಿ ಹಾಕಿದರೂ ಕಪ್ಪೇ.

ವಾಸನೆ ಯಾಕೆ ಬರಲ್ಲ ಅಂದರೆ ಒಣಗಿಸಿರುತ್ತಾರೆ. ತೇವಾಂಶ 25%ಕ್ಕಿಂತ ಕೆಳಗೆ ಇಳಿದರೆ ಜೀವಾಣುಗಳ ಕೆಲಸ ಬಹುಮಟ್ಟಿಗೆ ನಿಲ್ಲುತ್ತೆ. ಕಾವು ಆರುತ್ತೆ, ವಾಸನೆ ಹೋಗುತ್ತೆ, ನೋಡಲು ಹದವಾದ ಗೊಬ್ಬರದ ಹಾಗೇ ಕಾಣುತ್ತೆ. ನೀವು ತಂದು ಬುಡಕ್ಕೆ ಹಾಕಿ ನೀರು ಬಿಟ್ಟ ವಾರಕ್ಕೆ ಮತ್ತೆ ಬಿಸಿಯಾಗಿ ಎಳೆ ಬೇರು ಸುಡುತ್ತೆ. ಅದಕ್ಕೇ ಯಾವ ಪರೀಕ್ಷೆ ಮಾಡುವುದಿದ್ದರೂ ಮೊದಲು ನೀರು ಚಿಮುಕಿಸಿ ಹದ ಮಾಡಿ: ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಲ್ಲಿ ಒಂದೆರಡು ಹನಿಗಿಂತ ಹೆಚ್ಚು ಬರಬಾರದು. ಎರಡು ದಿನ ಹಾಗೇ ಬಿಟ್ಟು ಆಮೇಲೆ ಶುರು ಮಾಡಿ.

ಚೀಲದ ಪರೀಕ್ಷೆ: ಹದ ಮಾಡಿದ ಗೊಬ್ಬರ ಒಂದು ಕಿಲೋ, ಜಿಪ್ ಚೀಲ, ಮೂರು ದಿನ ನೆರಳಲ್ಲಿ. ಬಿಚ್ಚಿದಾಗ ಹುಳಿ ಅಥವಾ ಕೊಳೆತ ವಾಸನೆ ಬಂದರೆ ಹಸಿ. ಮೂಗಿಗೆ ಚುಚ್ಚುವ ಅಮೋನಿಯಾ ಬಂದರೆ ಸಾರಜನಕ ಇನ್ನೂ ನೆಲೆ ನಿಂತಿಲ್ಲ. ಮಣ್ಣಿನ ವಾಸನೆ ಬಂದರೆ ಮುಂದಿನದಕ್ಕೆ ಹೋಗಿ.

ಥರ್ಮಾಸ್ ಪರೀಕ್ಷೆ: ಬಾಯಗಲದ ಒಂದೂವರೆ-ಎರಡು ಲೀಟರಿನ ಥರ್ಮಾಸ್ ಫ್ಲಾಸ್ಕಿಗೆ ಅದೇ ಗೊಬ್ಬರವನ್ನು ಒತ್ತದೆ ತುಂಬಿ, ಉದ್ದ ಕಡ್ಡಿಯ ಥರ್ಮಾಮೀಟರ್ ಕೆಳಗಿನ ಮೂರನೇ ಒಂದು ಭಾಗಕ್ಕೆ ಮುಟ್ಟುವಂತೆ ಚುಚ್ಚಿ. ಬಾಯಿ ಬಿಗಿಯಾಗಿ ಮುಚ್ಚಬೇಡಿ, ಗಾಳಿ ಬೇಕು. ದಿನಾ ಒಂದೇ ಹೊತ್ತಿಗೆ ಕೋಣೆಯ ಉಷ್ಣತೆಯ ಜೊತೆ ಬರೆದಿಡಿ. ವಾರದೊಳಗೆ ಕೋಣೆಗಿಂತ ಹೆಚ್ಚಾದದ್ದು 10 ಡಿಗ್ರಿ ದಾಟದಿದ್ದರೆ ಮಾಗಿದೆ. 20 ದಾಟಿದರೆ ರಾಶಿಗೆ ಇನ್ನೂ ಕೆಲಸ ಬಾಕಿ ಇದೆ, ತೋಟಕ್ಕೆ ಬೇಡ.

ಮೊಳಕೆ ಪರೀಕ್ಷೆ: ಗೊಬ್ಬರ 10 ಗ್ರಾಂ, ಶುದ್ಧೀಕರಿಸಿದ ನೀರು 100 ಮಿ.ಲೀ., ಒಂದು ಗಂಟೆ ಅಲುಗಿಸಿ ಸೋಸಿ. ಪೆಟ್ರಿ ತಟ್ಟೆಯಲ್ಲಿ ಸೋಸು ಕಾಗದ, ಅದಕ್ಕೆ 5 ಮಿ.ಲೀ. ರಸ, ಮೇಲೆ 20 ಸಾಸಿವೆ ಅಥವಾ ಮೂಲಂಗಿ ಬೀಜ. ಪಕ್ಕದಲ್ಲಿ ಬರೀ ನೀರಿನದೊಂದು ತಟ್ಟೆ. ಕತ್ತಲಲ್ಲಿ 72 ಗಂಟೆ. ಉದಾಹರಣೆಗೆ ರಸದಲ್ಲಿ 17 ಮೊಳೆತು ಸರಾಸರಿ ಬೇರು 2.1 ಸೆಂ.ಮೀ., ನೀರಿನಲ್ಲಿ 19 ಮೊಳೆತು 2.8 ಸೆಂ.ಮೀ. ಅಂದುಕೊಳ್ಳಿ. (17×2.1) ÷ (19×2.8) = ಶೇ. 67. ಶೇ. 80 ದಾಟಿದರೆ ಒಳ್ಳೆಯದು, 50ಕ್ಕಿಂತ ಕೆಳಗಾದರೆ ವಿಷ ಇದೆ ಅಂತಲೇ ಲೆಕ್ಕ. ತಟ್ಟೆ ಮೂರು ಮೂರು ಇಡಿ, ಒಂದೇ ತಟ್ಟೆಯ ಮೇಲೆ ತೀರ್ಮಾನ ಬೇಡ.

ಲ್ಯಾಬ್‌ಬೆಂಚ್

ಮೊಳಕೆ ಕಡಿಮೆ ಬಂದರೆ ಕಾರಣ ಎರಡಿರಬಹುದು, ಹಸಿತನ ಅಥವಾ ಉಪ್ಪು. ಬೇರ್ಪಡಿಸಲು ಸುಲಭ ದಾರಿ: ಅದೇ ಮಾದರಿಯನ್ನು ಹದವಾದ ತೇವದಲ್ಲಿ ಮೂರು ವಾರ ಗಾಳಿಯಾಡುವಂತೆ ಇಟ್ಟು ಮತ್ತೆ ಮಾಡಿ. ಹಸಿತನವಾದರೆ ಅಂಕಿ ಏರುತ್ತದೆ. ಉಪ್ಪು ಕಾಲ ಕಳೆದರೆ ಹೋಗುವುದಿಲ್ಲ.

ಇ.ಸಿ. ಹೋಲಿಸುವಾಗ ನೀರಿನ ಪ್ರಮಾಣ ನೋಡಿ. ಎಫ್‌ಸಿಒ ವಿಧಾನದಲ್ಲಿ 20 ಗ್ರಾಂ ಗೊಬ್ಬರಕ್ಕೆ 100 ಮಿ.ಲೀ. ನೀರು, ಅಂದರೆ ಒಂದಕ್ಕೆ ಐದು. ಮಣ್ಣಿನ ಲ್ಯಾಬ್‌ಗಳಲ್ಲಿ ಒಂದಕ್ಕೆ ಎರಡು ಅಥವಾ ಎರಡೂವರೆ ರೂಢಿ, ಅಲ್ಲಿ ಅದೇ ಗೊಬ್ಬರ ಹೆಚ್ಚಿನ ಅಂಕಿ ತೋರಿಸುತ್ತದೆ. ಮೀಟರನ್ನು 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಸರಿಪಡಿಸಬೇಕು, 25 ಡಿಗ್ರಿಯಲ್ಲಿ 1.41 ತೋರಿಸಬೇಕು.

ತೋಟದಸಾಲು

ಇಂಗಾಲ ಕನಿಷ್ಠ 12 ಅಂದಿರಿ, ಇವರದ್ದು 19.2. ಅದು ಒಳ್ಳೆಯ ಲಕ್ಷಣ ತಾನೇ?

ಲ್ಯಾಬ್‌ಬೆಂಚ್

12ಕ್ಕಿಂತ 19 ಮೇಲು, ಆದರೆ 12 ಬಹಳ ಸಡಿಲವಾದ ಮಿತಿ. ಇಂಗಾಲ 12% ಅಂದರೆ ಸಾವಯವ ಪದಾರ್ಥ 20.7%. ಉಳಿದ ಶೇ. 79 ಬೂದಿ, ಮರಳು, ಮಣ್ಣು ಇದ್ದರೂ ಮಾಲು ಪಾಸು. ಬೀದಿ ಗುಡಿಸಿದ ಧೂಳು ಕಸದ ಜೊತೆ ಸೇರುವ ಊರುಗಳ ಕಾಂಪೋಸ್ಟ್ ಸಾಮಾನ್ಯವಾಗಿ ಈ ಅಂಚಿನಲ್ಲೇ ಇರುತ್ತದೆ. ನಿಮ್ಮ 19.2ರಲ್ಲೂ ಸಾವಯವ ಪದಾರ್ಥ ಒಣ ತೂಕದ ಮೂರನೇ ಒಂದು ಭಾಗ ಮಾತ್ರ.

ಸುಟ್ಟು ಅಳೆಯುವ ವಿಧಾನಕ್ಕೆ ಮೂರು ಕುರುಡು ಜಾಗಗಳಿವೆ. ಪ್ಲಾಸ್ಟಿಕ್ ಚೂರು ಸುಟ್ಟು ಹೋದರೆ ಅದೂ ಸಾವಯವ ಇಂಗಾಲವೆಂದೇ ಲೆಕ್ಕ. ಇದ್ದಿಲೂ ಹಾಗೇ. ಸುಣ್ಣದ ಕಲ್ಲಿನ ಪುಡಿ ಆ ಶಾಖದಲ್ಲಿ ಅನಿಲ ಬಿಟ್ಟು ತೂಕ ಕಳೆದುಕೊಳ್ಳುತ್ತದೆ, ಅದೂ ಲೆಕ್ಕಕ್ಕೆ ಸೇರುತ್ತದೆ. ಮರಳಿನ ಅನುಮಾನವಿದ್ದರೆ ಲ್ಯಾಬೂ ಬೇಡ: ಗಾಜಿನ ಲೋಟದಲ್ಲಿ ಒಂದು ಹಿಡಿ ಗೊಬ್ಬರ, ಮುಕ್ಕಾಲು ನೀರು, ಕಲಕಿ ಅರ್ಧ ನಿಮಿಷ ಬಿಟ್ಟು ಮೇಲಿನದ್ದು ಚೆಲ್ಲಿ. ನಾಲ್ಕೈದು ಸಲ ಮಾಡಿದರೆ ತಳದಲ್ಲಿ ಮರಳು, ಗಾಜು ಎದ್ದು ಕಾಣುತ್ತದೆ.

ಕಾವುರಾಶಿ

ಪ್ಲಾಸ್ಟಿಕ್ ಬಗ್ಗೆ ತಯಾರಕರ ಕಡೆಯಿಂದ ಒಂದು ಮಾತು ಹೇಳಲೇಬೇಕು. ಸಿಟಿ ಕಾಂಪೋಸ್ಟಿನ ಎಫ್‌ಸಿಒ ಪಟ್ಟಿಯಲ್ಲಿ ಗಾಜು, ಪ್ಲಾಸ್ಟಿಕ್ ಚೂರಿಗೆ ಪ್ರತ್ಯೇಕ ಶೇಕಡಾ ಮಿತಿ ಇಲ್ಲ. ಇರುವುದು 4 ಮಿ.ಮೀ. ಜರಡಿ. ಇದರಿಂದ ಆಗುವ ಅನಾಹುತ: ಜರಡಿಯಲ್ಲಿ ಇಳಿಯದ ದಪ್ಪ ಮಾಲನ್ನು ಕೆಲವರು ಪುಡಿ ಮಾಡುವ ಯಂತ್ರಕ್ಕೆ ಹಾಕುತ್ತಾರೆ. ಕ್ಯಾರಿಬ್ಯಾಗ್, ಶಾಂಪೂ ಸ್ಯಾಶೆ, ಗಾಜು ಎಲ್ಲ ಚೂರಾಗಿ 4 ಮಿ.ಮೀ. ಒಳಗೆ ಬರುತ್ತವೆ. ಮಾಲು ಪಾಸು, ಆದರೆ ಆ ಪ್ಲಾಸ್ಟಿಕ್ಕನ್ನು ಇನ್ನು ಯಾರೂ ಆರಿಸಿ ತೆಗೆಯಲಾರರು. ಸರಿಯಾದ ಕ್ರಮ: ದಪ್ಪದ್ದನ್ನು ಪುಡಿ ಮಾಡದೆ, ಪ್ಲಾಸ್ಟಿಕ್ ಬೇರ್ಪಡಿಸಿ ಹೊಸ ರಾಶಿಗೆ ವಾಪಸ್ ಹಾಕುವುದು. ಮಾರುವವರಿಗೆ ‘ಜರಡಿಯ ಮೇಲೆ ಉಳಿದದ್ದನ್ನು ಏನು ಮಾಡುತ್ತೀರಿ’ ಅಂತ ಕೇಳಿ. ಉತ್ತರದಲ್ಲೇ ಬಹಳ ಗೊತ್ತಾಗುತ್ತದೆ.

ನಮ್ಮಲ್ಲಿ ಮಿತಿ ಇಲ್ಲದಿದ್ದರೆ ಬ್ರಿಟನ್ನಿನ ಪಾಸ್ 100 ಅನ್ನುವ ಕಾಂಪೋಸ್ಟ್ ಮಾನದಂಡವನ್ನು ಖರೀದಿ ಷರತ್ತಾಗಿ ತೆಗೆದುಕೊಳ್ಳಬಹುದು. ಅಲ್ಲಿ 2 ಮಿ.ಮೀ.ಗಿಂತ ದೊಡ್ಡ ಗಾಜು, ಲೋಹ, ಪ್ಲಾಸ್ಟಿಕ್ ಎಲ್ಲ ಸೇರಿ 0.25%, ಅದರಲ್ಲಿ ಪ್ಲಾಸ್ಟಿಕ್ 0.12%. ಪರೀಕ್ಷೆ ಸುಲಭ: ಒಣಗಿಸಿದ ಗೊಬ್ಬರ 500 ಗ್ರಾಂ, 2 ಮಿ.ಮೀ. ಜರಡಿ, ಮೇಲೆ ಉಳಿದದ್ದರಿಂದ ಚಿಮುಟದಲ್ಲಿ ಆರಿಸಿ, ಆಭರಣ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ. ಪ್ಲಾಸ್ಟಿಕ್ 0.6 ಗ್ರಾಂ ದಾಟಬಾರದು. ಚಿಕ್ಕ ಅಂಕಿ ಅನ್ನಿಸಬಹುದು. ಒಣ ತೂಕದ ಟನ್ನಿಗೆ ಅದೇ 1.2 ಕಿಲೋ ಪ್ಲಾಸ್ಟಿಕ್ ಆಯಿತು.

ಇನ್ನೊಂದು ಎಚ್ಚರ. ಹಳೆಯ ಕಸದ ಗುಡ್ಡ ಅಗೆದು ಜರಡಿ ಹಿಡಿದಾಗ ಬರುವ ನುಣ್ಣನೆಯ ಕಪ್ಪು ಮಣ್ಣನ್ನು ಕಾಂಪೋಸ್ಟ್ ಅಂತ ಮಾರುವುದುಂಟು. ವಾಸನೆ ಇಲ್ಲ, ಕಾವು ಇಲ್ಲ, ಜರಡಿಯಲ್ಲಿ ಇಳಿಯುತ್ತದೆ. ಆದರೆ ಬ್ಯಾಟರಿ, ಟ್ಯೂಬ್‌ಲೈಟ್, ಪೇಂಟ್ ಡಬ್ಬಿಗಳ ಜೊತೆ ವರ್ಷಗಟ್ಟಲೆ ಕೂತದ್ದು ಅದು. ಭಾರಲೋಹದ ರಿಪೋರ್ಟ್ ನೋಡದೆ ತರಕಾರಿ, ಹಣ್ಣಿನ ನೆಲಕ್ಕೆ ಹಾಕಲೇಬಾರದು.

ಮಲ್ನಾಡ್‌ಮಣ್ಣು

ಲೋಹದ ಬಗ್ಗೆ ಸೇರಿಸುತ್ತೇನೆ. ಕಾಂಪೋಸ್ಟ್ ಆಗುವಾಗ ಒಣ ತೂಕದ ಅರ್ಧದಷ್ಟು ಗಾಳಿಗೆ ಹೋಗುತ್ತದೆ, ಲೋಹ ಹೋಗುವುದಿಲ್ಲ. ಹಸಿ ಕಸದ ಒಣ ತೂಕದಲ್ಲಿ ಕಿಲೋಗೆ 30 ಮಿಲಿಗ್ರಾಂ ಇದ್ದ ಕ್ರೋಮಿಯಂ ಗೊಬ್ಬರದಲ್ಲಿ 60 ಆಗುತ್ತದೆ, ಮಿತಿ 50. ಎಷ್ಟು ಮಗುಚಿದರೂ, ಯಾವ ಜೀವಾಣು ಕಲ್ಚರ್ ಹಾಕಿದರೂ ಇಳಿಯುವುದಿಲ್ಲ. ಮೂಲದಲ್ಲಿ ಬೇರ್ಪಡಿಸುವುದು ಒಂದೇ ದಾರಿ. ಕೋಳಿ ಗೊಬ್ಬರ ಬೆರೆಸಿದ್ದರೆ ಸತು, ತಾಮ್ರ ನೋಡಿ, ಮೇವಿನಲ್ಲಿ ಅವನ್ನು ಸೇರಿಸುತ್ತಾರೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಕಡೆಯಂಥ ಕ್ರೋಮೈಟ್ ಸಿಗುವ ನೆಲದ ಮಣ್ಣು ಬೆರೆತರೆ ಕ್ರೋಮಿಯಂ, ನಿಕಲ್ ಮಣ್ಣಿನಿಂದಲೇ ಏರಬಹುದು.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಎರಡನೇ ಅನುಸೂಚಿಯಲ್ಲೂ ಇವೇ ಲೋಹದ ಮಿತಿಗಳಿದ್ದವು. ಮಿತಿ ಮೀರಿದ್ದನ್ನು ಆಹಾರ ಬೆಳೆಗೆ ಬಳಸಬಾರದು, ಬೇರೆ ಉಪಯೋಗಕ್ಕೆ ಆಗಬಹುದು ಅಂತ ಅಲ್ಲಿ ಸ್ಪಷ್ಟವಾಗಿತ್ತು. ಬಾಳೆ ಆಹಾರ ಬೆಳೆ, ಮರೆಯಬೇಡಿ.

ಇನ್‌ಪುಟ್‌ಪರಿಶೀಲನೆ

ಪ್ರಮಾಣಪತ್ರಗಳ ವಿಷಯಕ್ಕೆ ಬರುತ್ತೇನೆ, ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲೆತು ಹೋಗಿವೆ.

ಎಫ್‌ಸಿಒ ಅನ್ನುವುದು ಬಿರುದಲ್ಲ, ಕಾನೂನು. ಅಗತ್ಯ ವಸ್ತುಗಳ ಕಾಯ್ದೆಯ ಅಡಿ ಬಂದದ್ದು. ಸಾವಯವ ಗೊಬ್ಬರ ತಯಾರಿಸಿ ಮಾರಲು ತಯಾರಿಕಾ ಪ್ರಮಾಣಪತ್ರ ಬೇಕು. ಡೀಲರ್ ಮೂಲಕ ಕೊಳ್ಳುವುದಾದರೆ ತಯಾರಕರು ಅವರಿಗೆ ಕೊಟ್ಟ ಫಾರ್ಮ್ ‘ಒ’, ಅಂದರೆ ಮಾಲು ಎಲ್ಲಿಂದ ಬಂತೆಂದು ಹೇಳುವ ಪ್ರಮಾಣಪತ್ರ ಕೇಳಿ. ಅದರಲ್ಲಿರುವ ಗೊಬ್ಬರದ ಹೆಸರೂ ಚೀಲದ ಮೇಲಿನ ಹೆಸರೂ ಒಂದೇ ಆಗಿರಬೇಕು. ಸಿಟಿ ಕಾಂಪೋಸ್ಟ್, ಎರೆಗೊಬ್ಬರ, ರಂಜಕಯುಕ್ತ ಸಾವಯವ ಗೊಬ್ಬರ ಎಲ್ಲಕ್ಕೂ ಮಿತಿಗಳು ಬೇರೆ. ಎರೆಗೊಬ್ಬರಕ್ಕೆ ಇಂಗಾಲ 18%, ಸಾರಜನಕ 1%, ರಂಜಕ ಮತ್ತು ಪೊಟ್ಯಾಶ್ ತಲಾ 0.8% ಬೇಕು. ಸಿಟಿ ಕಾಂಪೋಸ್ಟಿನ ರಿಪೋರ್ಟ್ ತೋರಿಸಿ ಎರೆಗೊಬ್ಬರದ ದರ ಕೇಳಿದರೆ ಒಪ್ಪಬೇಡಿ.

ಐಎಸ್‌ಒ 9001 ಸಂಸ್ಥೆಯ ಆಡಳಿತ ಪದ್ಧತಿಗೆ ಸಂಬಂಧಿಸಿದ್ದು. ಚೀಲದೊಳಗಿನ ಗೊಬ್ಬರದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಮೂರನೆಯದು ಸಾವಯವ ಪ್ರಮಾಣೀಕರಣ. ನಿಮ್ಮ ಸದಸ್ಯರಲ್ಲಿ ಯಾರಾದರೂ ಎನ್‌ಪಿಒಪಿ (ಸಾವಯವ ಉತ್ಪಾದನೆಯ ರಾಷ್ಟ್ರೀಯ ಕಾರ್ಯಕ್ರಮ) ಅಡಿ ಪ್ರಮಾಣೀಕೃತರಾಗಿದ್ದರೆ ಇಲ್ಲೇ ನಿಲ್ಲಿ. ಎಫ್‌ಸಿಒ ಪಾಸಾದ ಸಿಟಿ ಕಾಂಪೋಸ್ಟ್ ಸಾವಯವ ಜಮೀನಿಗೆ ತಾನಾಗಿ ಅರ್ಹವಲ್ಲ. ನಗರದ ಕಾಂಪೋಸ್ಟ್ ಅಲ್ಲಿ ನಿರ್ಬಂಧಿತ ಪಟ್ಟಿಯಲ್ಲಿದೆ: ಮೂಲದಲ್ಲೇ ಬೇರ್ಪಡಿಸಿದ ಕಸದ್ದಾಗಿರಬೇಕು, ಮಾಲಿನ್ಯದ ಮೇಲೆ ನಿಗಾ ಇರಬೇಕು, ಪ್ರಮಾಣೀಕರಣ ಸಂಸ್ಥೆ ಒಪ್ಪಬೇಕು. ಚೀಲದ ಮೇಲಿನ ‘ಶೇ. 100 ಸಾವಯವ’ ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ. ಬೇಕಾದದ್ದು ಆ ಉತ್ಪನ್ನದ ಹೆಸರಿಗೇ ಕೊಟ್ಟ, ಅವಧಿ ಮುಗಿಯದ ಇನ್‌ಪುಟ್ ಅನುಮೋದನೆ ಪತ್ರ. ಸುರಿಯುವ ಮೊದಲೇ ನಿಮ್ಮ ಪ್ರಮಾಣೀಕರಣ ಸಂಸ್ಥೆಯಿಂದ, ಉದಾಹರಣೆಗೆ ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯಿಂದ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸುರಿದ ಮೇಲೆ ಕೇಳಿದರೆ ಜಮೀನಿನ ಸ್ಥಾನಮಾನವೇ ಹೋಗಬಹುದು, ಸಾವಯವವೆಂದು ಒಪ್ಪುವ ಮೊದಲು ಕಾಯಬೇಕಾದ ಪರಿವರ್ತನಾ ಅವಧಿ ಮತ್ತೆ ಮೊದಲಿಂದ.

ತೋಟದಸಾಲು

ಆರು ಜನ ಪ್ರಮಾಣೀಕೃತರಿದ್ದಾರೆ. ಅವರ ಪಾಲನ್ನು ಬೇರೆ ಇಡುತ್ತೇವೆ. ದರದ ಬಗ್ಗೆ ಏನು ಹೇಳುತ್ತೀರಿ?

ಕಾವುರಾಶಿ

ದರವನ್ನು ಒಣ ತೂಕದಲ್ಲಿ ಯೋಚಿಸಿ. ಟನ್ನಿಗೆ 6,000 ಅಂದರೆ 25% ತೇವದಲ್ಲಿ 750 ಕಿಲೋ ಒಣ ಮಾಲು, ಒಣ ಟನ್ನಿಗೆ 8,000 ಆಯಿತು. ಅದೇ ಲಾರಿ 45% ತೇವದಲ್ಲಿ ಬಂದರೆ 550 ಕಿಲೋ, ಒಣ ಟನ್ನಿಗೆ 10,900. ನೀರಿಗೆ ಗೊಬ್ಬರದ ದರ, ಮೇಲೆ ಸಾಗಣೆ.

ಷರತ್ತು ಹೀಗೆ ಬರೆಯಿರಿ: ತೇವಾಂಶ 25% ದಾಟಿದರೆ ಬಿಲ್ಲಿನ ತೂಕ = ಬಂದ ತೂಕ × (100 − ತೇವಾಂಶ) ÷ 75. ಹತ್ತು ಟನ್ 38% ತೇವದಲ್ಲಿ ಬಂದರೆ 8.27 ಟನ್ನಿಗೆ ದುಡ್ಡು. ಇಳಿಸುವ ಜಾಗದಲ್ಲೇ ನೋಡಬಹುದು: 100 ಗ್ರಾಂ ತೂಗಿ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಜೋರು ಬಿಸಿಲಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಬಿಸಿಲಲ್ಲಿ ಒಂದಷ್ಟು ತೇವ ಉಳಿದೇ ಉಳಿಯುತ್ತದೆ. ಹಾಗಿದ್ದೂ 30 ಗ್ರಾಂ ಇಳಿಯಿತೆಂದರೆ 25% ಅನ್ನುವ ಮಾತು ಸುಳ್ಳು. ಪಾವತಿಯ ಲೆಕ್ಕಕ್ಕೆ ಲ್ಯಾಬಿನ ಅಂಕಿಯನ್ನೇ ಹಿಡಿಯಿರಿ.

ತಯಾರಕರಿಗೂ 15-25% ಕಷ್ಟದ ಮಿತಿಯೇ. 35%ಕ್ಕಿಂತ ಹೆಚ್ಚಿದ್ದರೆ 4 ಮಿ.ಮೀ. ಜರಡಿಯ ಕಣ್ಣು ಕಟ್ಟಿಕೊಳ್ಳುತ್ತದೆ, 20%ಕ್ಕಿಂತ ಇಳಿದರೆ ಧೂಳೆದ್ದು ಕೆಲಸದವರ ಉಸಿರು ಕಟ್ಟುತ್ತದೆ. ಮಳೆಗಾಲದಲ್ಲಿ ಮಾಡು (ಚಾವಣಿ) ಇಲ್ಲದ ಘಟಕದಿಂದ 25% ತೇವದ ಮಾಲು ಬರುವುದು ಸಾಧ್ಯವೇ ಇಲ್ಲ. ಆದ್ದರಿಂದ ಘಟಕಕ್ಕೆ ಹೋದಾಗ ಮಾಡು ನೋಡಿ, ಉಷ್ಣತೆ ಬರೆದ ಪುಸ್ತಕ ಕೇಳಿ. ಉದ್ದ ರಾಶಿ ಪದ್ಧತಿಯಲ್ಲಿ 55 ಡಿಗ್ರಿಗೆ ಕಡಿಮೆಯಾಗದೆ 15 ದಿನ, ಅಷ್ಟರಲ್ಲಿ ಕನಿಷ್ಠ ಐದು ಸಲ ಮಗುಚುವುದು ಅಮೆರಿಕದ ನಿಯಮ. ರೋಗಾಣು, ಕಳೆಬೀಜ ಸಾಯಲು ಇದು ಒಳ್ಳೆಯ ಅಳತೆ. ಮಾಗಿದ ರಾಶಿಗೆ ಹಸಿ ಕಸದ ರಸ ಸಿಂಪಡಿಸುವುದು, ಹಸಿ ಕಸ ಎತ್ತಿದ ಲೋಡರ್ ಬಕೆಟ್ಟಿನಲ್ಲೇ ಮಾಗಿದ್ದನ್ನು ತುಂಬುವುದು ಕಂಡರೆ ‘ರೋಗಾಣು ಇಲ್ಲ’ ಅನ್ನುವ ಸಾಲನ್ನು ನಂಬಬೇಡಿ. ಸತ್ತ ರೋಗಾಣು ಆ ದಾರಿಯಿಂದಲೇ ವಾಪಸ್ ಬರುತ್ತದೆ.

ಮಲ್ನಾಡ್‌ಮಣ್ಣು

ಪೋಷಕಾಂಶದ ಆಸೆಗೆ ಕೊಳ್ಳುವುದೂ ಬೇಡ. 25% ತೇವದ ಒಂದು ಟನ್, ಒಣ ತೂಕದಲ್ಲಿ 0.8% ಸಾರಜನಕ ಅಂದರೆ 6 ಕಿಲೋ. 13 ಕಿಲೋ ಯೂರಿಯಾದಲ್ಲಿ ಅಷ್ಟೇ ಇದೆ, ಗೊಬ್ಬರದ್ದು ಮೊದಲ ವರ್ಷ ಪೂರ್ತಿ ಸಿಗುವುದೂ ಇಲ್ಲ. ನಿಮಗೆ ಸಿಗುವ ಲಾಭ ಸಾವಯವ ಪದಾರ್ಥದಿಂದ, ನೀರು ಹಿಡಿಯುವ ಗುಣದಿಂದ. ಹಾಗಾಗಿ ಎರಡು ಘಟಕಗಳ ದರ ಹೋಲಿಸುವಾಗ ಒಂದು ಕಿಲೋ ಸಾವಯವ ಪದಾರ್ಥಕ್ಕೆ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕಿ. ನಿಮ್ಮ ರಿಪೋರ್ಟ್ ನಿಜವೆಂದೇ ಹಿಡಿದರೂ ಟನ್ನಿಗೆ 780 ಕಿಲೋ ಒಣ ಮಾಲು, ಅದರಲ್ಲಿ 33% ಸಾವಯವ, ಸುಮಾರು 258 ಕಿಲೋ. ಕಿಲೋಗೆ 23 ರೂಪಾಯಿ ಮೇಲಾಯಿತು. ಹತ್ತಿರದಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಇದೇ ಲೆಕ್ಕ ಹಾಕಿ ನೋಡಿ.

ತೋಟದಸಾಲು

ಎಲ್ಲರಿಗೂ ವಂದನೆ. ಮುಂಗಡ ತಡೆಹಿಡಿದಿದ್ದೇವೆ. ಮೊದಲು 10 ಟನ್ ಮಾತ್ರ, ಜಂಟಿ ಮಾದರಿ, ಫಲಿತಾಂಶ ಬಂದ ಮೇಲೆ ಉಳಿದದ್ದು ಅಂತ ಹೇಳಿದ್ದೇವೆ. ನಮ್ಮ ಲ್ಯಾಬ್ ಮತ್ತು ಅವರ ಲ್ಯಾಬ್ ಬೇರೆ ಬೇರೆ ಅಂಕಿ ಕೊಟ್ಟರೆ?

ಲ್ಯಾಬ್‌ಬೆಂಚ್

ಅದಕ್ಕೇ ಮೂರನೇ ಚೀಲ. ಯಾವ ಲ್ಯಾಬ್ ಅಂತಿಮ ಅನ್ನುವುದನ್ನು ಆರ್ಡರಿನಲ್ಲೇ ಬರೆದುಬಿಡಿ, ಜಗಳ ಬಂದ ಮೇಲೆ ಹುಡುಕಬೇಡಿ. ಎಷ್ಟು ವ್ಯತ್ಯಾಸವನ್ನು ಒಪ್ಪುತ್ತೀರಿ ಅನ್ನುವುದೂ ಇರಲಿ. ಸಾರಜನಕ ಒಂದರಲ್ಲಿ 0.82, ಇನ್ನೊಂದರಲ್ಲಿ 0.88 ಬಂದರೆ ಅದು ಜಗಳದ ವಿಷಯವಲ್ಲ. 0.8 ಮತ್ತು 1.4 ಬಂದರೆ ಮಾದರಿ ಬೇರೆಯಾಗಿದೆ ಅಥವಾ ತೂಕದ ಆಧಾರ ಬೇರೆಯಾಗಿದೆ, ಮೊದಲು ಅದನ್ನು ಕೇಳಿ. ಮೂರನೇ ಚೀಲವನ್ನು ಫ್ರಿಜ್‌ನಲ್ಲಿಡಿ. ಹೊರಗಿಟ್ಟರೆ ಒಂದು ತಿಂಗಳಲ್ಲಿ ಅಮೋನಿಯಾ ಹಾರಿ ಸಾರಜನಕವೂ ಪಿಎಚ್‌ವೂ ಬದಲಾಗಿರುತ್ತವೆ. ಪಾದರಸ ಬಿಟ್ಟರೆ ಉಳಿದ ಲೋಹದ ಅಂಕಿಗಳು ಹಾಗೆ ಬದಲಾಗುವುದಿಲ್ಲ, ಅವನ್ನು ಆಮೇಲೂ ಮತ್ತೆ ಮಾಡಿಸಬಹುದು.